ಮಾರುಚೋ, ಮೋಚೋ

ಗಲ್ಫಿನ ಲುಸೈಲ್‌ನಲ್ಲಿ ಜಪಾನಿ ಹೋಟೆಲೊಂದರ ಅಡುಗೆಮನೆಗೆ ಸೇರಿದಾಗ ನನಗೆ ನಲವತ್ತೊಂಬತ್ತು. ಅದಕ್ಕೆ ಮೊದಲು ಅಲ್ ಮುಂತಜಾದ ಮಾಂಸದಂಗಡಿಯಲ್ಲಿ ಹದಿನಾಲ್ಕು ವರ್ಷ ಕತ್ತಿ ಹಿಡಿದಿದ್ದೆ. ಆ ಅಂಗಡಿ ಮುಚ್ಚಿತು. ಬೇರೆ ಕೆಲಸ ನನಗೆ ಬರುತ್ತಿರಲಿಲ್ಲ. ಹೊಸ ಜಾಗದಲ್ಲಿ ಸಿಕ್ಕಿದ್ದು ಕರುಳು ತೊಳೆಯುವ ಕೆಲಸ.

ದನದ ಕರುಳಿಗೆ ಉಪ್ಪು, ಮೈದಾ ಹಾಕಿ ಉಜ್ಜಬೇಕು, ಐಸ್ ನೀರಿನಲ್ಲಿ ಏಳೆಂಟು ಸಲ ತೊಳೆಯಬೇಕು. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ನನ್ನವೇ ಅಲ್ಲ ಅನ್ನಿಸುತ್ತಿತ್ತು. ಸೊಂಟನೋವು ಬೇರೆ. ಊರಿನಲ್ಲಿ ಹಬ್ಬದ ಮರುದಿನ ಉಮ್ಮ ಇದನ್ನೇ ತೊಳೆಯುತ್ತಿದ್ದರು. ನಮಗೆ ಹೊಟ್ಟೆ, ಕರುಳು ಅಷ್ಟಕ್ಕೂ ಸೇರಿ ಒಂದೇ ಹೆಸರು, ಬೋಟಿ.

ಜಪಾನಿಗಳಿಗೆ ಹಾಗಲ್ಲ. ನಮ್ಮ ಶೆಫ್ ಅರವತ್ತು ದಾಟಿದ ಮನುಷ್ಯ, ಹತ್ತಿಪ್ಪತ್ತು ಪದ ಬಿಟ್ಟರೆ ಇಂಗ್ಲಿಷ್ ಬಾರದು. ನಾನು ತಪ್ಪು ಬೋಗುಣಿಗೆ ತುಂಡು ಹಾಕಿದರೆ ಬೈಯುತ್ತಿರಲಿಲ್ಲ. ತೆಗೆದು ಸರಿಯಾದಲ್ಲಿ ಹಾಕಿ ಹೆಸರು ಹೇಳುತ್ತಿದ್ದರು. ದನದ ಮೊದಲ ಹೊಟ್ಟೆ ಮಿನೊ. ಎರಡನೆಯದು ಹಾಚಿನೊಸು, ಅಂದರೆ ಜೇನುಗೂಡು. ಮೂರನೆಯದು ಸೆಮ್ಮಾಯ್, ಸಾವಿರ ಹಾಳೆ. ಸಣ್ಣ ಕರುಳು ಮಾರುಚೋ, ದೊಡ್ಡದು ಶಿಮಾಚೋ. ಬಸ್ಸಿನಲ್ಲಿ ಕುಳಿತು ನಾನು ಅವನ್ನೇ ಹೇಳಿಕೊಳ್ಳುತ್ತಿದ್ದೆ. ಆಸಕ್ತಿಯಿಂದಲ್ಲ; ಮರುದಿನ ಮತ್ತೆ ತಿದ್ದಿಸಿಕೊಳ್ಳುವಷ್ಟು ತ್ರಾಣ ಇರಲಿಲ್ಲ.

ಒಂದು ಮಧ್ಯಾಹ್ನ ಶೆಫ್ ಮಾಂಸ ಕತ್ತರಿಸುವ ಹಲಗೆಯ ಮೇಲೆ ತಲೆಯಿಟ್ಟು ನಿಂತುಬಿಟ್ಟರು. ಎರಡೂ ಕೈ ಹೊಟ್ಟೆಯ ಮೇಲಿದ್ದವು, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಉಡುಪಿ ಕಡೆಯ ನಮ್ಮ ಸೂಪರ್‌ವೈಸರ್ ಓಡಿ ಬಂದರು.

"ನೀವು ಹೋಗಿ ಇವರೊಟ್ಟಿಗೆ. ಇವರ ಭಾಷೆ ನಿಮಗೇ ಸ್ವಲ್ಪ ಬರುದು."

"ನನಗೆ ಬರುದು ಕರುಳಿನ ಹೆಸರು ಮಾತ್ರ ಮಾರಾಯ್ರೆ."

"ಈಗ ಅದೇ ಬೇಕಾದ್ದು. ಯಲ್ಲಾ, ಹೊರಡಿ."

ಗಡಿಬಿಡಿಯಲ್ಲಿ, ಮಾತು ಅನುವಾದಿಸುವ ಆಪ್ ಇದ್ದ ಶೆಫ್‌ನ ಫೋನು ಅಡುಗೆಮನೆಯಲ್ಲೇ ಉಳಿಯಿತು. ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ್ದು ಒಬ್ಬ ಮಲಯಾಳಿ ಡಾಕ್ಟರಮ್ಮ. ನನ್ನ ಬ್ಯಾರಿ, ಅವರ ಮಲಯಾಳಂ ಹೇಗೋ ಕೂಡಿಕೊಂಡವು. ನೋವು ಎಲ್ಲಿ ಎಂದು ಅವರನ್ನು ಕೇಳಿ ಹೇಳಿ ಅಂದರು. ನಾನು ಕೈಸನ್ನೆ ಮಾಡಿದೆ. ಶೆಫ್ ಕಣ್ಣು ಮುಚ್ಚಿಕೊಂಡೇ ಒಂದು ಪದ ಹೇಳಿದರು. ನನಗೆ ಕೇಳಿಸಿದ್ದು ಮಾರುಚೋ.

"ಸಣ್ಣ ಕರುಳಂತೆ ಡಾಕ್ಟ್ರೇ," ಎಂದು ಗಾಳಿಯಲ್ಲಿ ಉದ್ದಕ್ಕೆ ಹಗ್ಗದ ಹಾಗೆ ತೋರಿಸಿದೆ.

ಶೆಫ್ ನನ್ನ ಕೈ ನೋಡಿ ಅಡ್ಡಡ್ಡ ತಲೆಯಾಡಿಸಿದರು. "ಮಾರುಚೋ ಜಾ ನಾಯ್. ಮೋಚೋ. ಮೋಚೋ."

ಅದಲ್ಲ ಎಂದದ್ದು ತಿಳಿಯಿತು. ಮೋಚೋ ಯಾವುದು? ನಮ್ಮ ಬೋಗುಣಿಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡೆ. ಯಾವುದರಲ್ಲೂ ಅದು ಇರಲಿಲ್ಲ. ನಾಚಿಕೆಯಾಯಿತು.

"ಅದೊಂದು ಗೊತ್ತಿಲ್ಲ ಡಾಕ್ಟ್ರೇ. ನಮ್ಮಲ್ಲಿ ಅದನ್ನು ಮಾರುವುದಿಲ್ಲ."

"ಮಾರುವುದಾ?"

"ನಾವು ಹೋಟೆಲಿನವರು. ನಾನು ಕರುಳು ತೊಳೆಯುವವ."

ಅವರು ನಗಲಿಲ್ಲ. ಶೆಫ್‌ನ ಹೊಟ್ಟೆಯ ಬಲಗಡೆ ಕೆಳಗೆ ಒತ್ತಿ, ತಟ್ಟನೆ ಕೈ ತೆಗೆದರು. ಶೆಫ್ ಕೂಗಿಕೊಂಡರು. ಡಾಕ್ಟರಮ್ಮ ಕಾಗದದ ಮೇಲೆ ಕರುಳಿನ ಚಿತ್ರ ಬರೆದು, ಅದರ ಮೂಲೆಗೆ ಒಂದು ಸಣ್ಣ ಬಾಲ ಎಳೆದು ತೋರಿಸಿದರು. "ಮೋಚೋ," ಎಂದರು ಶೆಫ್, ಈಗ ಮೆಲ್ಲಗೆ. ಅಪೆಂಡಿಕ್ಸ್. ಸಂಜೆಯೊಳಗೆ ಆಪರೇಷನ್ ಆಯಿತು.

ಅವರು ಒಂದು ತಿಂಗಳು ಬರಲಿಲ್ಲ. ಅವರ ಕತ್ತರಿಸುವ ಕೆಲಸವೂ ನನ್ನ ತಲೆಗೇ ಬಿತ್ತು. ಕೆಲವು ದಿನ ಆ ಮಲಗಿದ ಮನುಷ್ಯನ ಮೇಲೆ ಸಿಟ್ಟು ಬರುತ್ತಿತ್ತು. ಮಲಗಲಿಕ್ಕಾದರೂ ಸಿಕ್ಕಿತಲ್ಲ ಎಂದು. ಆಮೇಲೆ ಬೇಸರವಾಗುತ್ತಿತ್ತು. ಎರಡು ಸಲ ನೋಡಲು ಹೋದೆ. ಮಂಚದ ಪಕ್ಕ ಕುಳಿತು ಬಂದೆ.

ವಾಪಸು ಬಂದ ದಿನ ಅವರು ತೆಳ್ಳಗಾಗಿದ್ದರು. ಎಪ್ರನ್ ಕಟ್ಟಿಕೊಂಡು ಸೀದಾ ನನ್ನ ಸಿಂಕಿನ ಬಳಿ ಬಂದು, ನನ್ನ ಕೈಯಿಂದ ಬೋಗುಣಿ ತೆಗೆದುಕೊಂಡು, "ಸುವಾತ್ತೆ," ಎಂದರು. ಅದು ಯಾವ ಕರುಳಿನ ಹೆಸರೂ ಆಗಿರಲಿಲ್ಲ. ಮೂಲೆಯಲ್ಲಿದ್ದ ಸ್ಟೂಲ್ ತೋರಿಸಿದರು. ಕೂತುಕೋ ಎಂದು.

ಕುಳಿತೆ. ಗೋಡೆಗೆ ಒರಗಿದ್ದಷ್ಟೇ ನೆನಪು. ಎಚ್ಚರವಾದಾಗ ಅವರು ಕರುಳು ತೊಳೆದ ಕೊನೆಯ ನೀರು ಬಸಿಯುತ್ತಿದ್ದರು.