ಮುಂದಿನ ಸಂಧಿಯ ಮೊದಲ ಪದ್ಯ

ನಮ್ಮ ಗುರುಗಳು ಪುರಾಣದ ಪ್ರತಿ ಸಂಧಿಗೂ ಹೇಳಿದ ಅರ್ಥವನ್ನು ಶಿಷ್ಯರಾದ ನಾವು ಬೆರಳಚ್ಚು ಮಾಡಿ, ಸಂಧಿಗೊಂದು ಕಡತದಂತೆ ಒಂದು ಜಾಲತಾಣದಲ್ಲಿ ಇರಿಸಿದ್ದೆವು. ಬೇರೆ ಪ್ರತಿ ಎಲ್ಲಿಯೂ ಉಳಿದಿರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಸಹಪಾಠಿ ಲಿಂಗೈಕ್ಯರಾದ ಮೇಲೆ, ತಿಂಗಳ ಕೊನೆಗೆ ತಾಣ ಮುಚ್ಚುವುದೆಂದು ಅವರ ಮನೆಯವರು ತಿಳಿಸಿದರು.

ಸಿಂದಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಮಗಳು ರವಿವಾರ ಇಂಡಿಯ ನಮ್ಮ ಮನೆಗೆ ಬಂದು, ಕಡತಗಳನ್ನೆಲ್ಲ ತಾನೇ ಇಳಿಸಿಕೊಳ್ಳುವ ಸ್ಕ್ರಿಪ್ಟ್ ಒಂದನ್ನು ಬರೆದಳು. ನಾನು ಲಿಂಗಪೂಜೆ ಮುಗಿಸಿ ಏಳುವಷ್ಟರಲ್ಲಿ, "ಎಲ್ಲಾ ಬಂದಾವ್ರಿ ಅಪ್ಪಾ" ಎಂದಳು.

ವರ್ಷಗಟ್ಟಲೆ ಕುಳಿತು ಬರೆದದ್ದು ಇಷ್ಟು ಬೇಗ ಬಂದೀತೆ? ನನಗೆ ನಂಬಿಕೆ ಹುಟ್ಟಲಿಲ್ಲ. ನಡುವಿನದೊಂದನ್ನು ತೆರೆಯಿಸಿದೆ. ಸಂಧಿಯ ಹೆಸರು ಹೊತ್ತ ಕಡತದೊಳಗೆ ಇಂಗ್ಲಿಷಿನ ಒಂದೇ ಸಾಲು: ಬೇಡಿಕೆ ಹೆಚ್ಚಾಗಿದೆ, ತಡೆದು ಬನ್ನಿ.

"ಬಾಗಿಲಕ ಹಚ್ಚಿದ ಚೀಟಿ ಕಿತಗೊಂಡು ಬಂದು ಪ್ರಸಾದ ಅಂತೈತಲ್ಲ ನಿನ್ನ ಯಂತ್ರ!"

"ನಗಬ್ಯಾಡ್ರಿ. ಒಮ್ಮಿಗೇ ಎಲ್ಲಾ ಕೇಳಿದೆ, ಸರ್ವರ್ ಸಿಟ್ಟಿಗೆದ್ದೈತಿ. ಈಗ ಒಂದೊಂದಕ್ಕ ತಡದು ಕೇಳಸ್ತೇನಿ. ಚೀಟಿ ಬಂದ್ರ ಒಳಗ ಇಡೂದಿಲ್ಲ, ಮತ್ತ ಕೇಳತೈತಿ."

ಈ ಸಲ ಊಟದ ಹೊತ್ತಿನವರೆಗೂ ನಡೆಯಿತು. ತೆರೆದಲ್ಲೆಲ್ಲ ಗುರುಗಳ ಮಾತೇ ಇತ್ತು. ಆದರೂ ಯಾವುದು ಅರ್ಧಕ್ಕೆ ಕಡಿದಿದೆಯೋ ಹೇಗೆ ಅರಿಯುವುದು ಎಂದು ನನ್ನ ಶಂಕೆ. ಮಗಳಿಗೂ ಬೇರೊಂದು ಶಂಕೆ.

"ಅಪ್ಪಾ, ಎಲ್ಲಾ ಕಡತದ ಕೊನಿಗೂ ಮುಂದಿನ ಸಂಧಿ ಪದ್ಯ ಬಂದು ಕುಂತೈತಿ. ಕಲಬೆರಕಿ ಆಗೈತ್ರಿ. ಅಳಸಲ್ಯಾ?"

"ಮುಟ್ಟಬ್ಯಾಡವ್ವಾ!"

ಪುರಾಣವನ್ನು ಸಂಧಿಯ ಅಂತ್ಯದಲ್ಲಿ ನಿಲ್ಲಿಸುವುದು ನಮ್ಮ ಪದ್ಧತಿಯಲ್ಲ. ಮುಂದಿನ ಸಂಧಿಯ ಮೊದಲ ಪದ್ಯವನ್ನು ಓದಿ, ಆ ಬಳಿಕವೇ ಪುಸ್ತಕಕ್ಕೆ ವಸ್ತ್ರ ಸುತ್ತುತ್ತೇವೆ. ಕೊನೆಯ ಸಂಧಿಯಾದರೆ ಮತ್ತೆ ಮೊದಲನೆಯದರ ಪದ್ಯ. ಬೆರಳಚ್ಚಿನಲ್ಲಿಯೂ ಆ ಮರ್ಯಾದೆಯನ್ನು ಎಲ್ಲರೂ ಪಾಲಿಸಿದ್ದೆವು.

ಇದನ್ನು ಹೇಳಿದೊಡನೆ ಅವಳು ಪರದೆಯತ್ತ ತಿರುಗಿದಳು. "ಹಂಗಾರ ಒಂದರ ಬಾಲ ಇನ್ನೊಂದರ ತಲಿಗೆ ಕೂಡಬೇಕು. ಕೂಡಲಿಲ್ಲಂದ್ರ ಅರ್ಧಾ ಬಂದೈತಿ ಅಂತ ತಿಳೀತೈತ್ರಿ!"

ಅದನ್ನೇ ಸ್ಕ್ರಿಪ್ಟಿಗೆ ಕಲಿಸಿದಳು. ಒಂದು ಕಡತ ಮಾತ್ರ ಕೂಡಲಿಲ್ಲ. ಗುರುಗಳು ಭಕ್ತಿಯ ಲಕ್ಷಣ ಹೇಳುತ್ತಿದ್ದಲ್ಲಿಯೇ ವಾಕ್ಯ ತುಂಡಾಗಿತ್ತು. ಮತ್ತೆ ಕೇಳಿದರೂ ಅಷ್ಟೇ ಬಂತು. ತಾಣದಲ್ಲೇ ಅದು ನಷ್ಟವಾಗಿದ್ದರೆ ಗತಿಯೇನು? ಮಗಳು ತಡೆಯುವ ಅವಧಿಯನ್ನು ಇನ್ನಷ್ಟು ಹೆಚ್ಚಿಸಿದಳು. ಆಗ ವಾಕ್ಯ ಪೂರ್ಣಗೊಂಡು, ಅದರ ಕೆಳಗೆ ಮುಂದಿನ ಪದ್ಯವೂ ಬಂತು.

"ಈಗರ ನಂಬತೀರಿಲ್ಲೋ?"

"ಓದಿ ಹೇಳತೇನವಾ" ಎಂದು ಮೊದಲ ಸಂಧಿಯನ್ನು ತೆರೆದೆ. ತಾಣ ಮುಚ್ಚಿದ ದಿನವೂ ನಾನು ಓದುತ್ತಲೇ ಇದ್ದೆ.