ಹನ್ನೊಂದು ಗಂಟೆಯ ಸ್ಲೇಟು

ಷ್ರಾಪ್‌ಶೈರ್ ಸೀಮೆಯ ಏಲ್ ಬಿಯರ್ ತಯಾರಕರ ಸಾಲಿನಲ್ಲಿ ಶ್ರೀ ಡೆಸ್ಮಂಡ್ ಪ್ರಾಸರ್ ಅವರ ಸ್ಥಾನ ಯಾವುದೆಂದು ಕೇಳಿದರೆ, ಅವರು “ಬಾಗಿಲ ಹತ್ರ, ಗಾಳಿ ಚೆನ್ನಾಗಿ ಬರೋ ಕಡೆ” ಎಂದು ಮಾತು ತೇಲಿಸಿಬಿಡುತ್ತಾರೆ. ಆದರೆ ನಲವತ್ತೆಂಟು ವರ್ಷ ಒಂದೇ ಬ್ರೂವರಿಯ ಒಂದೇ ಅಂಗಳದಲ್ಲಿ ದುಡಿದು, ಏಳು ಪಬ್ಬುಗಳಿಗೆ ವಾರ ತಪ್ಪದಂತೆ ಏಲ್ ಒದಗಿಸಿ, ದೊಡ್ಡ ಕಂಪನಿಗಳು ಸುತ್ತಲಿನ ಸಣ್ಣ ಬ್ರೂವರಿಗಳನ್ನು ಒಂದೊಂದಾಗಿ ಕೊಂಡು ಬೀಗ ಜಡಿಯುತ್ತಿದ್ದ ಕಾಲದಲ್ಲೂ ತಮ್ಮ ವೆನ್‌ಬರಿ ಬ್ರೂವರಿಯ ಒಲೆ ಆರದಂತೆ ನೋಡಿಕೊಂಡ ಈ ಹಿರಿಯರಿಗೆ ಬಾಗಿಲ ಹತ್ತಿರದ ಜಾಗ ಕೊಟ್ಟು ಸುಮ್ಮನಿರಲು ನಮ್ಮ ಮನಸ್ಸು ಒಪ್ಪದು. ಅವರ ನಿವೃತ್ತಿಯ ಸಂದರ್ಭದಲ್ಲಿ ಹೊರಬರುತ್ತಿರುವ ಈ ಸಂಪುಟವನ್ನು ಸಂಪಾದಿಸುವ ಹೊಣೆ, ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಎರಡನೆಯ ಬ್ರೂವರ್ ಆಗಿ ದುಡಿದ ನನ್ನ ಪಾಲಿಗೆ ಬಂತು. ಹತ್ತಿಪ್ಪತ್ತು ಜನರ ಒಳ್ಳೆಯ ಮಾತುಗಳನ್ನು ಪೋಣಿಸಿದರೆ ಮುಗಿಯಿತು ಎಂದುಕೊಂಡು ಒಪ್ಪಿಕೊಂಡೆ. ಹಾಗೆ ಮುಗಿಯಲಿಲ್ಲ. ಏಕೆ ಮುಗಿಯಲಿಲ್ಲ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಾಸರ್ ಅವರು ವೆನ್‌ಬರಿ ಬ್ರೂವರಿಗೆ ಕಾಲಿಟ್ಟದ್ದು ೧೯೭೧ರಲ್ಲಿ, ಪೀಪಾಯಿ ತೊಳೆಯುವ ಕೆಲಸಕ್ಕೆ. ತೊಳೆದ ಪೀಪಾಯಿಯ ಬಾಯಿಗೆ ಮೂಗಿಟ್ಟು, ಒಳಗೆ ಎಲ್ಲಿಯಾದರೂ ಹುಳಿ ಉಳಿದಿದೆಯೇ ಎಂದು ನೋಡುವುದು ಆ ಕೆಲಸದ ಕೊನೆಯ ಹಂತ. ಬೇರೆಯವರು ನೂರು ಪೀಪಾಯಿಗೆ ಮೂಗಿಟ್ಟು ಎರಡನ್ನು ಹಿಂದಕ್ಕೆ ಉರುಳಿಸಿದರೆ ಇವರು ಆರನ್ನು ಉರುಳಿಸುತ್ತಿದ್ದರಂತೆ. ಆ ಆರೂ ನಿಜಕ್ಕೂ ಕೆಟ್ಟವೇ ಆಗಿರುತ್ತಿದ್ದವಂತೆ. ಆ ಮೂಗಿನ ಬಲದಿಂದಲೇ ಅವರು ತೊಳೆಯುವ ಅಂಗಳದಿಂದ ಮೊಳಕೆ ಬಾರ್ಲಿಯ ಮಾಲ್ಟ್ ಅಟ್ಟಕ್ಕೂ ಅಟ್ಟದಿಂದ ಏಲ್ ಹುದುಗುವ ತೊಟ್ಟಿಗಳ ಕೋಣೆಗೂ ಬಂದು, ೧೯೯೩ರಲ್ಲಿ ಮುಖ್ಯ ಬ್ರೂವರ್ ಆದರು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಬೆಳಗ್ಗೆ ಹನ್ನೊಂದು ಗಂಟೆಗೆ ಮುಖ್ಯ ಬ್ರೂವರ್ ಆದವರು ತಿಳಿಯಾದ ಪೀಪಾಯಿಯಿಂದ ಅರ್ಧ ಪೈಂಟ್ ಬಿಟರ್, ಅಂದರೆ ನಮ್ಮ ಕಹಿ ಏಲ್, ಇಳಿಸಿಕೊಂಡು, ಮೊದಲು ಮೂಸಿ, ಆಮೇಲೆ ಕುಡಿದು, ಗೋಡೆಯ ಸ್ಲೇಟಿನ ಮೇಲೆ ಒಂದೇ ಒಂದು ಪದ ಬರೆಯಬೇಕು. “ಹೌದು” ಎಂದಿದ್ದರೆ ಅದು ವೆನ್‌ಬರಿ ಬಿಟರ್, ಗಾಡಿ ಹೊರಡಬಹುದು. “ಇಲ್ಲ” ಎಂದಿದ್ದರೆ ಮೋರಿಗೆ. ಮೂರನೆಯ ಪದವೊಂದು ಹಿಂದಿನ ಯಾವ ಬ್ರೂವರರಿಗೂ ಬೇಕಾಗಿರಲಿಲ್ಲ. ಆದರೆ ೧೯೯೭ರಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ಸ್ಲೇಟಿನ ಮೇಲೆ “ಹತ್ತಿರ” ಎಂದಿತ್ತು. ಆದರೂ ಗಾಡಿ ಹೊರಟಿತು. ಮರುದಿನವೂ “ಹತ್ತಿರ”. ಇದೇನು ಲೆಕ್ಕ ಎಂದು ನಾನು ಕೇಳಲಿಲ್ಲ, ಏಕೆಂದರೆ ಆ ವಾರ ನನಗೆ ಬೇರೆ ತಾಪತ್ರಯವಿತ್ತು. ಉಕ್ಕುತ್ತಿದ್ದ ಪೀಪಾಯಿಯ ಮರದ ಬೆಣೆಯನ್ನು ಜೋರಾಗಿ ಹೊಡೆದು ತೆಗೆದು, ಅರ್ಧ ಪೀಪಾಯಿ ಏಲನ್ನು ಚಾವಣಿಗೆ ಚಿಮ್ಮಿಸಿದ್ದೆ. ಕೆಲಸ ಹೋಯಿತೆಂದೇ ನಿಂತಿದ್ದವಳ ಪಕ್ಕಕ್ಕೆ ಪ್ರಾಸರ್ ಅವರು ಒರೆಸುವ ಬಟ್ಟೆ ಹಿಡಿದು ಬಂದು, “ಚಾವಣಿಗೂ ಬಾಯಾರಿಕೆ ಆಗತ್ತಮ್ಮ. ಆ ಏಣಿ ಗಟ್ಟಿಯಾಗಿ ಹಿಡ್ಕೋ” ಎಂದು ತಾವೇ ಹತ್ತಿದರು. ಆ ದಿನದಿಂದ ಅವರು ಹೇಳಿದ ಕೆಲಸಕ್ಕೆ ನಾನು ಒಲ್ಲೆ ಎಂದದ್ದಿಲ್ಲ, ಜಗಳವನ್ನಂತೂ ಬೇಕಾದಷ್ಟು ಆಡಿದ್ದೇನೆ.

“ಹತ್ತಿರ”ದ ಕಥೆ ನನಗೆ ತಿಳಿದದ್ದು ಪ್ಯಾಕ್‌ಹಾರ್ಸ್ ಪಬ್ಬಿನಲ್ಲಿ, ಎಡ್ನಾ ಗಿಟಿನ್ಸ್ ಎಂಬ ಹಿರಿಯಾಕೆಯ ಬಾಯಿಂದ. ಕೋಳಿ ಸಾಕಿಕೊಂಡಿರುವ ಈ ಎಡ್ನಾ ಅಜ್ಜಿಗೆ ಈಗ ತೊಂಬತ್ತೊಂದು. ಬುಧವಾರ ಮಧ್ಯಾಹ್ನ ಕಿಟಕಿಯ ಬೆಂಚಿನ ಮೇಲೆ ಕೂತು ಅರ್ಧ ಪೈಂಟ್ ಬಿಟರ್ ತರಿಸಿಕೊಳ್ಳುವುದು, ಕುಡಿದು ಎರಡು ಬೆರಳಷ್ಟನ್ನು ಲೋಟದಲ್ಲೇ ಬಿಟ್ಟು ಏಳುವುದು ಆಕೆಯ ಕ್ರಮ. ಏಕೆ ಬಿಡುತ್ತೀರಿ ಎಂದು ಕೇಳಿದೆ.

“ನಿಮ್ ಪ್ರಾಸರ್‌ನ ಕೇಳು. ತೊಂಬತ್ತೈದರ ಬೇಸಿಗೆ ತನಕ ಈ ಲೋಟದ ತಳ ನೋಡ್ದೆ ನಾನು ಎದ್ದೋಳಲ್ಲ. ಆಮೇಲೆ ಕೊಡ್ತಿರೋದು ಆ ಹಳೇ ಬಿಟರ್‌ನ ತಮ್ಮನ್ನ. ಒಳ್ಳೆ ಹುಡುಗನೇ, ಇಲ್ಲ ಅನ್ನಲ್ಲ. ಆದ್ರೆ ಅವನಲ್ಲ.”

ಕೇಳಿದೆ, ಉಳಿದದ್ದನ್ನು ಪ್ರಾಸರ್ ಅವರೇ ಹೇಳಿದರು. ೧೯೯೫ರ ಬೇಸಿಗೆ ನಮ್ಮ ಸೀಮೆಯವರು ಮರೆಯುವಂಥದ್ದಲ್ಲ. ಆ ಸೆಖೆಯಲ್ಲಿ ಬ್ರೂವರಿಯ ಯೀಸ್ಟಿಗೆ ಸೋಂಕು ತಗುಲಿತು. ಮೊಸರಿಗೆ ನಿನ್ನೆಯ ಮೊಸರೇ ಹೆಪ್ಪಾಗುವಂತೆ, ತೊಟ್ಟಿಯ ಮೇಲೆ ಉಕ್ಕಿದ ಯೀಸ್ಟನ್ನು ಕೆನೆಯ ಹಾಗೆ ತೆಗೆದಿಟ್ಟು ಮುಂದಿನ ತೊಟ್ಟಿಗೆ ಹಾಕುತ್ತ, ತೊಂಬತ್ತು ವರ್ಷ ಒಂದೇ ಯೀಸ್ಟಿನ ಸಂತತಿಯಿಂದ ನಮ್ಮ ಏಲ್ ಹುದುಗುತ್ತ ಬಂದಿತ್ತು. ಸಲಹೆಗೆಂದು ಬಂದ ಪರಿಣತರೊಬ್ಬರು, ಹಳೆಯದನ್ನು ಪೂರ್ತಿ ಚೆಲ್ಲಿ, ಎಲ್ಲವನ್ನೂ ತೊಳೆದು, ಪ್ರಯೋಗಾಲಯದ ಶುದ್ಧ ಯೀಸ್ಟನ್ನು ತರಿಸಿ ಎಂದರು. ಮುಖ್ಯ ಬ್ರೂವರ್ ಆಗಿ ಎರಡೇ ವರ್ಷವಾಗಿದ್ದ ಪ್ರಾಸರ್ ಅವರು ಹಾಗೆಯೇ ಮಾಡಿದರು. ತಾವೇ ಬಕೆಟ್ಟುಗಳನ್ನೆತ್ತಿ ಮೋರಿಗೆ ಸುರಿದರು. ಸೆಪ್ಟೆಂಬರಿನಲ್ಲಿ ಹೊಸ ಏಲ್ ತಿಳಿಯಾಯಿತು, ಹುಳಿಯಿಲ್ಲ, ದೋಷವಿಲ್ಲ. ಆದರೆ ಹಳೆಯ ಬಿಟರಿನ ಗುಟುಕಿನ ಕೊನೆಗೆ ನಾಲಿಗೆಗೆ ಹತ್ತುತ್ತಿದ್ದ, ಸೇಬಿನ ಸಿಪ್ಪೆಯಂಥ ಆ ಒಂದು ಒಗರು ಅದರಲ್ಲಿ ಇರಲಿಲ್ಲ.

ಇಲ್ಲಿ ನಮ್ಮ ವೃತ್ತಿಯವರಷ್ಟೇ ಮಾಡಬಲ್ಲ ತಪ್ಪೊಂದಿದೆ. ಸಣ್ಣ ಬ್ರೂವರಿಗಳಲ್ಲಿ ಒಬ್ಬರ ಯೀಸ್ಟು ಕೆಟ್ಟರೆ ನೆರೆಯವರು ಒಂದು ಬಕೆಟ್ ಕೊಟ್ಟು ಕಾಪಾಡುವುದು ರೂಢಿ. ಚೆಲ್ಲುವ ಮೊದಲು ನೆರೆಯವರಿಗೆ ಒಂದು ಮಾತು ತಿಳಿಸಿದ್ದರೆ ಯಾರಾದರೂ “ನಿನ್ನದರಲ್ಲೇ ಒಂದು ಬಕೆಟ್ ಇಲ್ಲಿ ಕೊಡು, ಸೋಂಕು ಬಿಡಿಸಿ ನೋಡೋಣ” ಎನ್ನುತ್ತಿದ್ದರು. ಆದರೆ ತನ್ನ ಯೀಸ್ಟು ಕೆಟ್ಟಿತು ಎಂದು ಹೇಳಿಕೊಳ್ಳುವುದು ಬ್ರೂವರ್ ಆದವರಿಗೆ ಮನೆಯ ಮಾನ ಬೀದಿಗೆ ಬಂದಂತೆ. ಪ್ರಾಸರ್ ಅವರು ಬಾಯಿ ಬಿಡಲಿಲ್ಲ. ಆಮೇಲೆ ಇಪ್ಪತ್ನಾಲ್ಕು ವರ್ಷ ಏಲಿಗೆ ಕಹಿ ಕೊಡುವ ಹಾಪ್ಸ್ ಹೂಗಳನ್ನು ಬದಲಿಸಿ ನೋಡಿದರು, ಮಾಲ್ಟನ್ನು ಹುರಿಯುವ ಹದ ಬದಲಿಸಿ ನೋಡಿದರು, ಬಾವಿಯ ನೀರನ್ನು ಕಾಲಕಾಲಕ್ಕೆ ಅಳೆದು ನೋಡಿದರು. ಸ್ಲೇಟಿನ ಮೇಲೆ “ಹತ್ತಿರ” ಎಂದು ಬರೆದು ಸೀಮೆಸುಣ್ಣ ಕೆಳಗಿಡುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಸತ್ತವರ ಧ್ವನಿ ಪಕ್ಕದ ಕೋಣೆಯಲ್ಲಿ ಕೇಳಿದಂತಾಗಿ ಎದ್ದು ಹೋಗಿ ನೋಡಿ ಬರುವವರ ಮುಖ ಅದು.

ನಾನು ಆ ಹಳೆಯ ಬಿಟರ್ ಕುಡಿದವಳಲ್ಲ. ಕುಡಿಯದ ಏಲಿಗೆ ಹಂಬಲಿಸಬಹುದೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಆದರೆ ಅವರ ಪಕ್ಕದಲ್ಲಿ ದಿನವೂ ಹನ್ನೊಂದು ಗಂಟೆಗೆ ನಿಂತು ನಿಂತು ಆ ಹಂಬಲ ನನಗೂ ಅಂಟಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಪ್ರಾಸರ್ ಅವರಿಗೆ ಜೋರು ಜ್ವರ ಬಂತು. ಗುಣವಾಗಿ ಬಂದ ಮೊದಲ ಬೆಳಗ್ಗೆ ಅವರು ಲೋಟವನ್ನು ಮೂಗಿನ ಕೆಳಗೆ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಲೋಟವನ್ನು ನನ್ನ ಕೈಗೆ ಕೊಟ್ಟು, “ನೋಡಮ್ಮ ರೋವೆನಾ, ಇವತ್ತಿಂದ ಮೂಗು ನೀನು. ನನಗೆ ಏನೂ ಬರ್ತಿಲ್ಲ” ಎಂದರು. ವೈದ್ಯರು ವಾಸನೆ ಕೆಲವರಿಗೆ ಹಿಂದಿರುಗುತ್ತದೆ, ಕೆಲವರಿಗೆ ಇಲ್ಲ ಎಂದರು. ನಾನು ಮೂಸಿ ಹೇಳುವುದು, ಅವರು ಬರೆಯುವುದು, ಹೀಗೆ ನಡೆಯಿತು. ಅವರು ನಿವೃತ್ತರಾಗುತ್ತಿರುವುದಕ್ಕೆ ವಯಸ್ಸು ನೆಪ, ಕಾರಣ ಇದು. ಈ ವಿಷಯವನ್ನೂ ತೊಂಬತ್ತೈದರ ವಿಷಯವನ್ನೂ ಇಲ್ಲಿ ಬರೆಯಲೇ ಎಂದು ಅವರನ್ನು ಕೇಳಿದೆ. “ಬರೀ. ಮುಚ್ಚಿಟ್ಟು ಮುಚ್ಚಿಟ್ಟೇ ಇಷ್ಟು ವರ್ಷ ಹಾಳಾಯ್ತು” ಎಂದರು.

ಹಾಗೆಂದದ್ದಕ್ಕೆ ಕಾರಣವಿದೆ. ಈ ಸಂಪುಟಕ್ಕೆ ಲೇಖನ ಕೋರಿ ನಾನು ಬರೆದ ಕಾಗದಗಳಲ್ಲಿ ಒಂದು, ಗಡಿಯಾಚೆ ವೇಲ್ಸಿನ ನ್ಯಾಂಟ್‌ಗ್ವಿನ್ ಹಳ್ಳಿಯಲ್ಲಿ ಪುಟ್ಟ ಬ್ರೂವರಿ ನಡೆಸುವ ಶ್ರೀಮತಿ ಬ್ರಾನ್‌ವೆನ್ ಪ್ಯೂ ಅವರಿಗೂ ಹೋಗಿತ್ತು. ಅಲ್ಲಿಗೂ ಇಲ್ಲಿಗೂ ಹದಿನಾಲ್ಕೇ ಮೈಲಿ. ೧೯೮೮ರ ಪ್ರವಾಹದಲ್ಲಿ ಅವರ ತೊಟ್ಟಿಗಳೆಲ್ಲ ಕೆಸರಾದಾಗ, ಆಗಿನ್ನೂ ತೊಟ್ಟಿಗಳ ಕೋಣೆಯಲ್ಲಿದ್ದ ಪ್ರಾಸರ್ ಅವರು ಮುಚ್ಚಳದ ಹಾಲಿನ ಬಕೆಟ್ಟಿನಲ್ಲಿ ನಮ್ಮ ಯೀಸ್ಟನ್ನು ತುಂಬಿಕೊಂಡು, ಸೇತುವೆ ಮುಳುಗಿದ್ದರಿಂದ ಕೊನೆಯ ಎರಡು ಮೈಲಿ ನಡೆದೇ ಹೋಗಿ ಕೊಟ್ಟು ಬಂದಿದ್ದರು. ಬೇರೆಲ್ಲಾದರೂ ಉಳಿದಿದ್ದ ಸ್ವಂತ ಯೀಸ್ಟು ಮರಳಿ ಸಿಕ್ಕಿದ ಮೇಲೆ ನೆರೆಯವರದನ್ನು ಚೆಲ್ಲಿಬಿಡುವುದು ಮರ್ಯಾದೆ. ಆರು ತಿಂಗಳಲ್ಲೇ ಶ್ರೀಮತಿ ಪ್ಯೂ ಅವರಿಂದ, ನಮ್ಮದು ಸಿಕ್ಕಿತು, ನಿಮ್ಮದನ್ನು ಚೆಲ್ಲಿದೆ, ಉಪಕಾರವಾಯಿತು ಎಂದು ಕಾರ್ಡು ಬಂದಿತ್ತು.

ಈ ಮಾರ್ಚಿನಲ್ಲಿ ನನಗೆ ಬಂದದ್ದು ಮೂರು ಪುಟದ ಕಾಗದ. ಎರಡೂವರೆ ಪುಟ ಆ ಪ್ರವಾಹದ ವರ್ಣನೆ. ಕೊನೆಯ ಅರ್ಧ ಪುಟದಲ್ಲಿ, ಆ ಕಾರ್ಡಿನಲ್ಲಿ ಬರೆದದ್ದು ಸುಳ್ಳೆಂದೂ, ತಮ್ಮ ಯೀಸ್ಟು ಸಿಗಲೇ ಇಲ್ಲವೆಂದೂ, ಇಂದಿಗೂ ವೆನ್‌ಬರಿಯ ಯೀಸ್ಟಿನಲ್ಲೇ ಏಲ್ ಹುದುಗಿಸುತ್ತಿರುವುದಾಗಿಯೂ, ಬೇರೆಯವರ ಯೀಸ್ಟಿನಲ್ಲಿ ಬದುಕುತ್ತಿದ್ದೇವೆಂದು ಹೇಳಿಕೊಳ್ಳಲು ನಾಚಿಕೆಯಾಗಿ ಮೂವತ್ತೊಂದು ವರ್ಷ ಸುಮ್ಮನಿದ್ದುದಾಗಿಯೂ, ಆ ಮಹಾನುಭಾವರು ನಿವೃತ್ತರಾಗುವ ಮೊದಲು ಕ್ಷಮೆ ಕೇಳದಿದ್ದರೆ ತಮಗೆ ನಿದ್ದೆ ಬಾರದೆಂದೂ ಇತ್ತು. ನಾನು ಆ ಅರ್ಧ ಪುಟವನ್ನು ನಿಂತಲ್ಲೇ ನಾಲ್ಕು ಸಲ ಓದಿದೆ. ಮೆಟ್ಟಿಲ ಮೇಲೆ ಕೂತು ಐದನೆಯ ಸಲ ಓದಿ, ಎದ್ದು ಪ್ರಾಸರ್ ಅವರ ಕೈಗೆ ಕೊಟ್ಟೆ.

ಮುಂದಿನ ಸೋಮವಾರ ಶ್ರೀಮತಿ ಪ್ಯೂ ತಾವೇ ಬಂದರು. ಕೈಯಲ್ಲಿ ಅದೇ ಹಾಲಿನ ಬಕೆಟ್ಟು, ಅದರ ತುಂಬ ಯೀಸ್ಟು. ಬಕೆಟ್ಟು ಒಂದು ಕಡೆ ನೆಗ್ಗಿತ್ತು, ವೆನ್‌ಬರಿಯ ಮುದ್ರೆ ಇನ್ನೂ ಕಾಣುತ್ತಿತ್ತು.

“ಬೈಯೋದಿದ್ರೆ ಮೊದ್ಲು ಬೈದ್ಬಿಡಿ ಪ್ರಾಸರ್ ಅವ್ರೇ. ಆಮೇಲೆ ಟೀ ಕುಡಿಯೋಣ.”

“ಬೈಯೋಕೆ ನನಗೆಲ್ಲಿ ಮುಖ ಇದೆ ಮಿಸೆಸ್ ಪ್ಯೂ? ನೀವು ಬಚ್ಚಿಟ್ಕೊಂಡ್ರಿ. ನಾನು ಮೋರಿಗೆ ಸುರಿದೆ.”

“ಒಂದು ಫೋನ್ ಮಾಡಿ ಕೇಳಿದ್ರೆ?”

“ಕೇಳಿದ್ರೆ ಹೇಳ್ತಿದ್ರಾ?”

ಶ್ರೀಮತಿ ಪ್ಯೂ ಬಕೆಟ್ಟನ್ನು ಅವರ ಮುಂದೆ ಇಟ್ಟು, “ನಾಚಿಕೆ ಆಗ್ತಿತ್ತು. ಆದ್ರೂ ಹೇಳ್ತಿದ್ದೆ” ಎಂದರು. ಪ್ರಾಸರ್ ಅವರು ಬಕೆಟ್ಟಿನ ಮುಚ್ಚಳ ತೆಗೆದು ಅಭ್ಯಾಸಬಲದಿಂದ ಮೂಗು ಬಗ್ಗಿಸಿದರು. ಆಮೇಲೆ ನೆನಪಾಗಿ, ತಲೆಯೆತ್ತಿ ನನ್ನನ್ನು ಕರೆದರು. ನಾನು ಮೂಸಿದೆ. ಸೇಬಿನ ಸಿಪ್ಪೆಯಂತಿತ್ತು. ಆದರೆ ಸೇಬಿನ ಸಿಪ್ಪೆ ಎಂಬ ಮಾತನ್ನು ನಾನು ಕಲಿತದ್ದೇ ಅವರಿಂದ, ಆದ್ದರಿಂದ ನನ್ನ ಮೂಗಿನ ಸಾಕ್ಷಿಗೆ ಬೆಲೆ ಎಷ್ಟು ಎಂದು ನನಗೇ ಗೊತ್ತಾಗಲಿಲ್ಲ.

ಯೀಸ್ಟು ಹೊಸ ಜಾಗಕ್ಕೆ ಒಗ್ಗಲು ಮೂರು ತೊಟ್ಟಿ ಹಿಡಿಯಿತು. ಮೇ ತಿಂಗಳ ಕೊನೆಯಲ್ಲಿ ಮೊದಲ ಪೀಪಾಯಿ ತಿಳಿಯಾಯಿತು. ಹನ್ನೊಂದು ಗಂಟೆಗೆ ನಾವಿಬ್ಬರೂ ಸ್ಲೇಟಿನ ಮುಂದೆ ನಿಂತೆವು. ಹಳೆಯ ರುಚಿ ಗೊತ್ತಿದ್ದವರಿಗೆ ಮೂಗಿರಲಿಲ್ಲ, ಮೂಗಿದ್ದವಳಿಗೆ ಹಳೆಯ ರುಚಿ ಗೊತ್ತಿರಲಿಲ್ಲ. ಏನು ಬರೆಯೋಣ ಎಂದು ಅವರು ಕೇಳಿದರು, ಗೊತ್ತಿಲ್ಲ ಎಂದೆ. ಆ ದಿನ ಸ್ಲೇಟು ಖಾಲಿಯೇ ಉಳಿಯಿತು. ಪೀಪಾಯಿಯನ್ನು ಪ್ಯಾಕ್‌ಹಾರ್ಸಿಗೆ ಸಾಗಿಸಿದೆವು.

ಬುಧವಾರ ಮಧ್ಯಾಹ್ನ ಎಡ್ನಾ ಅಜ್ಜಿ ಬಂದು ಕಿಟಕಿಯ ಬಳಿ ಕೂತರು. ಯಾರೂ ಅವರಿಗೆ ಏನನ್ನೂ ಹೇಳಿರಲಿಲ್ಲ. ಪ್ರಾಸರ್ ಅವರು ತಮ್ಮ ಲೋಟ ಹಿಡಿದು ಎದುರಿಗೆ ಕೂತರು, ನಾನು ಪಕ್ಕದ ಬೆಂಚಿನಲ್ಲಿ.

“ಏನು, ರಿಟೈರ್ ಆಗ್ತಿಯಂತೆ? ಒಂದು ದಿನಾನೂ ಸರಿಯಾಗಿ ಮಾಡ್ದೆ ರಿಟೈರ್ ಆಗೋದು ಸುಲಭ ನೋಡು” ಎಂದು ಅಜ್ಜಿ ಶುರುವಿಟ್ಟುಕೊಂಡರು. ಆಮೇಲೆ ಮಾತು ಕೋಳಿಗಳ ಕಡೆ ತಿರುಗಿತು. ನರಿ ಬಂದದ್ದು, ಬೇಲಿ ಮುರಿದದ್ದು, ಮೊಮ್ಮಗ ಬೇಲಿ ಕಟ್ಟುತ್ತೇನೆಂದು ಹೇಳಿ ಕಟ್ಟದೇ ಹೋದದ್ದು. ಹೇಳುತ್ತ ಹೇಳುತ್ತ ಒಂದೊಂದೇ ಗುಟುಕು ಕುಡಿಯುತ್ತಿದ್ದರು. ಪ್ರಾಸರ್ ಅವರು ಹೂಂಗುಟ್ಟುತ್ತಿದ್ದರೂ ಕಣ್ಣು ಆ ಲೋಟದ ಮೇಲೇ ಇತ್ತು. ಎರಡು ಬೆರಳಿನ ಗುರುತು ಬಂತು. ಅಜ್ಜಿ ಮೊಮ್ಮಗನನ್ನು ಬೈಯುತ್ತಲೇ ಲೋಟವನ್ನು ಮತ್ತೆ ಎತ್ತಿದರು. ಕೆಳಗಿಟ್ಟಾಗ ಅದರಲ್ಲಿ ನೊರೆಯಷ್ಟೇ ಇತ್ತು. ಆಕೆ ಖಾಲಿ ಲೋಟವನ್ನು ಬೆಳಕಿಗೆ ಹಿಡಿದು, ಮನೆಬಿಟ್ಟು ಹೋಗಿದ್ದವನು ಬಾಗಿಲಲ್ಲಿ ಬಂದು ನಿಂತರೆ ಕೇಳುವಂತೆ ಆ ಲೋಟವನ್ನೇ ಕೇಳಿದರು: “ಎಲ್ಲಿ ಹಾಳಾಗ್ಹೋಗಿದ್ದೆ ಇಷ್ಟು ದಿವ್ಸ?”

ಪ್ರಾಸರ್ ಅವರು ತಮ್ಮ ಲೋಟವನ್ನು ಎತ್ತಿ ಪೂರ್ತಿ ಕುಡಿದರು. ಅವರಿಗೆ ಅದರಲ್ಲಿ ತಂಪಷ್ಟೇ ಗೊತ್ತಾಯಿತು, ಇನ್ನೇನೂ ಇಲ್ಲ. “ಹೇಗಿದೆ ಹೇಳು ಎಡ್ನಾ” ಎಂದರು.

“ಹೇಗಿರತ್ತೆ? ಇದ್ದ ಹಾಗೇ ಇದೆ.”

ಅವರು ಅಳುತ್ತಿದ್ದರೆಂದು ಇಲ್ಲಿ ಬರೆಯಕೂಡದೆಂದು ನನಗೆ ಕಟ್ಟಪ್ಪಣೆಯಾಗಿದೆ. ಅಜ್ಜಿಯಂತೂ ಅದನ್ನು ನೋಡಿಯೂ ನೋಡದವರಂತೆ ಇನ್ನರ್ಧ ಪೈಂಟ್ ತರಲು ಹೇಳಿದರು.

ಮರುದಿನ ಹನ್ನೊಂದು ಗಂಟೆಗೆ ಪ್ರಾಸರ್ ಅವರು ಸೀಮೆಸುಣ್ಣ ಎತ್ತಿಕೊಂಡರು. “ಹೌದು” ಎಂದು ಬರೆಯುತ್ತಾರೆಂದು ನಾನು ಕಾದೆ. ತಾವೇ ರುಚಿ ಕಾಣದ್ದಕ್ಕೆ ಹೌದೆನ್ನುವ ಮನುಷ್ಯರಲ್ಲ ಅವರು. ಒಂದೇ ಪದ ಎಂಬ ಪದ್ಧತಿಯನ್ನು ಮುರಿದು, “ಎಡ್ನಾ ಕುಡಿದು ಮುಗಿಸಿದಳು” ಎಂದು ಬರೆದು, ಸೀಮೆಸುಣ್ಣವನ್ನು ನನ್ನ ಕೈಗಿತ್ತರು.

ಶ್ರೀ ಡೆಸ್ಮಂಡ್ ಪ್ರಾಸರ್ ಅವರು ನೂರು ಚಳಿಗಾಲ ಕಾಣಲಿ. ಹಾಪ್ಸ್ ತೋಟದ ಸುತ್ತಾಟ, ಏಳು ಪಬ್ಬುಗಳ ನೆಲಮಾಳಿಗೆಗಳ ತನಿಖೆ, ನನ್ನೊಂದಿಗಿನ ಜಗಳ ಇವು ಯಾವುವೂ ನಿಲ್ಲದಿರಲಿ. ಅವರ ಮೂಗು ಯಾವ ಬೆಳಗ್ಗೆ ಹಿಂದಿರುಗುತ್ತದೋ ಆ ಬೆಳಗ್ಗೆ ಅವರು ಯಾರಿಗೂ ಹೇಳದೆ ನೇರ ಬ್ರೂವರಿಗೆ ಬರಲಿ. ಹನ್ನೊಂದು ಗಂಟೆಗೆ ಎರಡು ಲೋಟ ಇಳಿಸುವುದನ್ನು ನಾನು ಬಿಟ್ಟಿಲ್ಲ. ಎರಡನೆಯದು ಸ್ಲೇಟಿನ ಕೆಳಗೆ ಕಾಯುತ್ತಿರುತ್ತದೆ. ಅವರು ಬರೆದದ್ದನ್ನು ಒರೆಸಿಲ್ಲ. ಅದರ ಕೆಳಗೆ ಅವರ ಒಂದು ಪದಕ್ಕೆ ಬೇಕಾದಷ್ಟು ಜಾಗವಿದೆ.

— ರೋವೆನಾ ಟಾಂಕ್ಸ್, ವೆನ್‌ಬರಿ ಬ್ರೂವರಿ