ಬೇಕರಿಯೋನನ್ನ ಬಗ್ಗಿಸಿದ ಬೆರಳು

ಹೋದ ತಿಂಗಳು ನಾನು ಶ್ರೀನಿವಾಸಪುರದಲ್ಲಿ ಕೂತ್ಕೊಂಡು ಹನ್ನೊಂದು ಅಂಗಡಿಯಿಂದ ಮಾಮೂಲು ವಸೂಲಿ ಮಾಡಿದೆ. ದರ್ಜಿ ಕೈ ಮುಗಿದ. ಹೂವಿನ ಅಂಗಡಿಯೋನು ಅತ್ತ. ಕಟಿಂಗ್ ಶಾಪ್‌ನೋನು ನನ್ನ ಮುಖ ನೋಡಿದ ತಕ್ಷಣ ಕತ್ತರಿ ಕೆಳಗಿಟ್ಟ.

ಪೊಲೀಸ್ ಸ್ಟೇಷನ್ ಕಡೆ ಓಡ್ಬೇಡಿ. ಪೂರ್ತಿ ಓದಿ.

ಇದೆಲ್ಲಾ ನಡೆದಿದ್ದು ಬಸ್ ಸ್ಟ್ಯಾಂಡ್ ಹಿಂದೆ ಇರೋ ರಫೀಕಣ್ಣನ ಸೈಬರ್ ಸೆಂಟರ್‌ನಲ್ಲಿ, ಮೂಲೇಲಿರೋ ನಾಲ್ಕನೇ ಕಂಪ್ಯೂಟರ್ ಒಳಗೆ. ನಮ್ಮಪ್ಪ ಕಾಲೇಜಲ್ಲಿದ್ದಾಗ ಒಂದು ಇಂಗ್ಲಿಷ್ ಗ್ಯಾಂಗ್‌ಸ್ಟರ್ ಸಿನಿಮಾ ಬಂದಿತ್ತಂತೆ. ಅದನ್ನ ನೋಡಕ್ಕೆ ಅಪ್ಪ ಬಸ್ಸಲ್ಲಿ ನಿಂತ್ಕೊಂಡೇ ಬೆಂಗಳೂರಿಗೆ ಹೋಗಿದ್ದರಂತೆ. (ಏನರ್ಥ ಆಯ್ತು ಅಂತ ಕೇಳಿದ್ರೆ ಈಗಲೂ ಟಾಪಿಕ್ ಚೇಂಜ್ ಮಾಡ್ತಾರೆ.) ಅದೇ ಸಿನಿಮಾನ ಈಗ ಗೇಮ್ ಮಾಡಿದ್ದಾರೆ. ಅಪ್ಪ ಟಿಕೆಟ್ ತಗೊಂಡು ದೂರದಿಂದ ನೋಡಿದ ಊರಲ್ಲಿ ನಾನು ಕೋಟು ಹಾಕ್ಕೊಂಡು ಓಡಾಡ್ತೀನಿ. ತಲೆಮಾರು ಮುಂದಕ್ಕೆ ಹೋಗೋದು ಅಂದ್ರೆ ಇದೇ ತಾನೆ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ರಿಸಲ್ಟ್ ಬಂದಿರಲಿಲ್ಲ. ಮನುಷ್ಯನ ಜೀವನದಲ್ಲಿ ಇಷ್ಟು ಒಳ್ಳೆ ಟೈಮು ಮತ್ತೆ ಬರಲ್ಲ. ದಿನಾ ಯಲ್ದೂರಿಂದ ಬಸ್ ಹತ್ತಿ ಬಂದು ದಂಧೆ ನೋಡ್ಕೊಳ್ತಿದ್ದೆ.

ದಂಧೆ ಸುಲಭ ಅನ್ಕೋಬೇಡಿ. ಅಂಗಡಿಗೆ ನುಗ್ಗಿ ಹೊಡೆದ ತಕ್ಷಣ ಯಾರೂ ಬಗ್ಗಲ್ಲ. ಪ್ರತಿ ಅಂಗಡಿಯೋನ ತಲೆ ಮೇಲೆ ಒಂದು ಪಟ್ಟಿ ಇರುತ್ತೆ. ಭಯ ಜಾಸ್ತಿ ಆದಂಗೆ ಅದು ತುಂಬ್ತಾ ಹೋಗುತ್ತೆ. ಅರ್ಧಕ್ಕೆ ನಿಲ್ಲಿಸಿದ್ರೆ ಅವನು ನಗ್ತಾನೆ. ಪಟ್ಟೀಲಿ ಮೇಲ್ಗಡೆ ಒಂದು ಗೆರೆ ಇರುತ್ತೆ, ಅದನ್ನ ಮುಟ್ಟಿದ್ರೆ 'ಆಯ್ತು ಸ್ವಾಮಿ' ಅಂತಾನೆ. ಒಂದು ಚೂರು ಗೆರೆ ದಾಟಿದ್ರೆ ಮಾತ್ರ ತಲೆ ಕೆಟ್ಟು ತಿರುಗಿ ಬೀಳ್ತಾನೆ, ಆ ಅಂಗಡಿ ಕೈ ಬಿಟ್ಟು ಹೋಗುತ್ತೆ. ಕೆಲಸ ಆದ್ರೆ ನಿಮಗೆ ಸಿಗೋದು ರೆಸ್ಪೆಕ್ಟ್. ಹೌದು, ಗೇಮಲ್ಲಿ ಮರ್ಯಾದೆಗೂ ಪಾಯಿಂಟ್ ಇದೆ.

ನಂಗೆ ಬಗ್ಗದೇ ಇದ್ದೋನು ಒಬ್ಬನೇ. ಹನ್ನೆರಡನೆಯವನು, ಬೇಕರಿಯೋನು. ಬಿಳಿ ಏಪ್ರನ್, ದಪ್ಪ ಮೀಸೆ. ನಮ್ಮ ಪಿ.ಟಿ. ಮೇಷ್ಟ್ರ ತಮ್ಮನ ಥರ ಇದ್ದ. ಮೂರು ಸಲ ಕಾಲರ್ ಹಿಡಿದೆ. ಮೂರು ಸಲಾನೂ ಬ್ರೆಡ್ ಕೊಯ್ಯೋ ಚಾಕು ಹಿಡ್ಕೊಂಡು ರೋಡ್‌ವರೆಗೂ ಅಟ್ಟಿಸ್ಕೊಂಡು ಬಂದ. (ಎರಡು ಸಲ ಅಂತ ಬರೆಯೋಣ ಅನ್ಕೊಂಡಿದ್ದೆ. ರಫೀಕಣ್ಣ ಈ ಕಾಲಂ ಓದ್ತಾನೆ.)

ಸಮಾಧಾನ ಏನಂದ್ರೆ, ಪಕ್ಕದ ಕಂಪ್ಯೂಟರ್‌ನಲ್ಲಿ ಮಂಜನೂ ಅದೇ ಬೇಕರಿ ಮುಂದೆ ಒದ್ದಾಡ್ತಿದ್ದ. ಮಂಜ ನಮ್ಮೂರೋನೇ, ನನಗಿಂತ ಒಂದೂವರೆ ವರ್ಷ ದೊಡ್ಡೋನು, ಫಸ್ಟ್ ಪಿಯು ಮುಗಿಸಿದ್ದ. ಮೀಸೆ ಬಂದಿದೆ ಅಂತ ಜಂಬ. ಬಂದಿರೋದನ್ನ ನೋಡಕ್ಕೆ ಬಿಸಿಲಿಗೆ ಕರ್ಕೊಂಡು ಹೋಗ್ಬೇಕು.

"ಲೇ, ಬೇಕರಿ ನಿನ್ನ ಕೈಲಾಗಲ್ಲ ಬಿಡೋ," ಅಂದ ಒಂದಿನ.

"ನಿನ್ನ ಕೈಲಿ ಆಯ್ತಾ?"

"ನಾನು ಟ್ರೈ ಮಾಡ್ತಿಲ್ಲ ಅಷ್ಟೇ."

"ಹಂಗಾದ್ರೆ ಬೆಟ್."

ಬೆಟ್ ಏನು ಅಂತ ಕೇಳಿದ್ರೆ ನಿಮಗೂ ಎದೆ ಝಲ್ ಅನ್ನುತ್ತೆ. ಶನಿವಾರ ಮಧ್ಯಾಹ್ನ, ಒಬ್ಬೊಬ್ಬರಿಗೆ ಒಂದೇ ಚಾನ್ಸ್, ರೀಲೋಡ್ ಮಾಡಂಗಿಲ್ಲ. ಸೋತೋನು ಗೆದ್ದೋನನ್ನ 'ಅಣ್ಣಾ' ಅಂತ ಕರೀಬೇಕು. ಒಂದಿನ ಕರೆದು ಬಿಡೋದಲ್ಲ, ಕಾಲೇಜು ಮುಗಿಯೋವರೆಗೂ. ಅದೂ ಯಲ್ದೂರು ಬಸ್ಸಲ್ಲಿ, ಎಲ್ಲರಿಗೂ ಕೇಳಿಸೋ ಹಂಗೆ. ನಾನು ಸೋತ್ರೆ ಅಂಥಾ ನಷ್ಟ ಇಲ್ಲ, ದೊಡ್ಡೋನನ್ನ ಅಣ್ಣ ಅನ್ನೋದು ಲೋಕರೂಢಿ ಅಂತ ನೀವು ಹೇಳ್ಬಹುದು. ಆದ್ರೆ ಆ ಬಸ್ಸಲ್ಲಿ ಬಿ ಸೆಕ್ಷನ್ ಹುಡುಗೀರು ಟೈಪಿಂಗ್ ಕ್ಲಾಸಿಗೆ ಬರ್ತಾರೆ. ಒಂಬತ್ತನೇ ಕ್ಲಾಸಿಂದ ಅವರ ಮುಂದೆ 'ಮಂಜ ನನ್ನ ಅಸಿಸ್ಟೆಂಟು' ಅಂತ ಹೇಳ್ಕೊಂಡು ಬಂದಿದ್ದೀನಿ. ನನ್ನ ಕಷ್ಟ ನಿಮಗೆ ಅರ್ಥ ಆಯ್ತಾ?

ಶುಕ್ರವಾರ ಸಾಯಂಕಾಲ ಬಸ್ಸಲ್ಲಿ ಧೈರ್ಯಕ್ಕೆ ಅಂತ ಮಂಜನ ಹತ್ರ ಸ್ವಲ್ಪ ಜೋರಾಗೇ ಮಾತಾಡಿದೆ.

"ಹೂವಿನೋನ್ದು ಆಯ್ತು, ದರ್ಜೀದು ಆಯ್ತು. ನಾಳೆ ಆ ಬೇಕರಿಯೋನ ತಲೆ ಒಲೆಗೆ ಇಡ್ತೀನಿ. ಶ್ರೀನಿವಾಸಪುರ ಇನ್ಮೇಲೆ ನಂದೇ."

ಹಿಂದಿನ ಸೀಟಲ್ಲಿ ಹೂವು ಮಾರೋ ಸರೋಜಮ್ಮ ಕೂತಿದ್ರು. ಆಯಮ್ಮ ಬುಟ್ಟಿ ತಬ್ಬಿಕೊಂಡು, ಅವರ ಸ್ಟಾಪ್ ಬರೋ ಮೊದಲೇ ಇಳ್ಕೊಂಡ್ರು. ನಾನು ಅದನ್ನ ರೆಸ್ಪೆಕ್ಟ್ ಅನ್ಕೊಂಡೆ.

ಆಯಮ್ಮ ಸೀದಾ ಹೋಗಿದ್ದು ನಮ್ಮ ತಾತನ ಹತ್ರ.

ತಾತ ಅಂದ್ರೆ ಅಮ್ಮನ ಅಪ್ಪ. ಮಾವಿನ ಮಂಡೀಲಿ ದಲ್ಲಾಳಿ. ಸೀಸನ್‌ನಲ್ಲಿ ಬೆಳಿಗ್ಗೆ ಆರಕ್ಕೆ ಹೋದ್ರೆ ಮಧ್ಯಾಹ್ನ ಎರಡಕ್ಕೆ ಬರ್ತಾರೆ, ಮೈಯೆಲ್ಲಾ ಬಾದಾಮಿ ಹಣ್ಣಿನ ವಾಸನೆ. ಶನಿವಾರ ಅವರು ಮನೆಗೆ ಬರಲೇ ಇಲ್ಲ. ಮೂರೂ ಕಾಲಿಗೆ ಸೈಬರ್ ಸೆಂಟರ್ ಬಾಗಿಲಲ್ಲಿ ನಿಂತಿದ್ರು. ಪಂಚೆ ಎತ್ತಿ ಕಟ್ಟಿದ್ರು, ಹೆಗಲ ಮೇಲೆ ಟವಲ್.

ಆಗ ಒಳಗೆ ಮಂಜನ ಚಾನ್ಸ್ ಮುಗೀತಾ ಇತ್ತು. ಬೇಕರಿಯೋನು ಅವನನ್ನ ಮೂರು ಬೀದಿ ಅಟ್ಟಿ, ನಾಲ್ಕನೇ ಬೀದೀಲಿ ಮಲಗಿಸಿದ್ದ. ನಾನು ನಗ್ತಾ ಹಿಂದೆ ತಿರುಗಿದೆ. ನಗು ಅಲ್ಲೇ ನಿಂತೋಯ್ತು.

"ಏಮ್ರಾ," ಅಂದ್ರು ತಾತ. ಕೋಪ ಬಂದ್ರೆ ನಮ್ಮ ತಾತನಿಗೆ ಮೊದಲು ತೆಲುಗೇ ಬರೋದು. "ವಸೂಲಿ ಮಾಡ್ತಿದ್ದೀಯಂತೆ. ಎಲ್ಲಿ ನಿನ್ನ ಬೇಕರಿ?"

ನಾನು ಸ್ಕ್ರೀನ್ ಕಡೆ ಬೆರಳು ತೋರಿಸಿದೆ. ರಫೀಕಣ್ಣ ಕುರ್ಚಿ ತಂದು ಹಾಕಿ, ಇದು ಆಟ, ಅಂಗಡಿ ಸುಳ್ಳು, ಬ್ರೆಡ್ಡೂ ಸುಳ್ಳು, ಇವನು ಮೂರು ಸಲ ಸೋತಿದ್ದು ಮಾತ್ರ ನಿಜ ಅಂತ ಎಲ್ಲಾ ಬಿಡಿಸಿ ಹೇಳ್ದ. ತಾತ ಕನ್ನಡಕ ಹಾಕ್ಕೊಂಡ್ರು. ಬೇಕರಿಯೋನನ್ನ ಒಂದು ನಿಮಿಷ ನೋಡಿದ್ರು. ಬೈಗುಳ ಬರುತ್ತೆ ಅಂತ ನಾನು ಕಿವಿ ಬಿಗಿ ಹಿಡ್ಕೊಂಡಿದ್ದೆ.

"ಇವನ ಹತ್ರ ಮೂರು ಸಲ ಸೋತ್ಯಾ?" ಅಂದ್ರು. "ಹೋಗ್ತಿದ್ದಂಗೇ ಕಾಲರ್ ಹಿಡಿದಿರ್ತೀಯ."

"ಮತ್ತಿನ್ನೇನ್ ಹಿಡೀಬೇಕು ತಾತ?"

"ಮೊದಲು ಆಳು ನೋಡ್ಬೇಕು ಕಣೋ. ಅವನ ಕಣ್ಣು ಎಲ್ಲಿ ಹೋಗ್ತೈತೆ ನೋಡು."

ನೋಡಿದೆ. ಅಷ್ಟು ದಿನ ನಾನು ತಲೆ ಮೇಲಿನ ಪಟ್ಟಿ ನೋಡ್ತಿದ್ದೆ, ಕೆಳಗಿನ ಮುಖ ನೋಡಿರಲೇ ಇಲ್ಲ. ಆ ಬೇಕರಿಯೋನು ನಿಮಿಷಕ್ಕೊಂದು ಸಲ ಎಡಗಡೆ ಬ್ರೆಡ್ ಜೋಡಿಸಿಟ್ಟಿರೋ ಸ್ಟ್ಯಾಂಡ್ ಕಡೆ ಕಣ್ಣು ಹಾಯಿಸ್ತಿದ್ದ.

"ಮೈಗೆ ಏಟು ಬಿದ್ರೆ ಇವನಿಗೆ ರೋಷ ಬರುತ್ತೆ. ಮಾಲಿಗೆ ಬಿದ್ರೆ ಭಯ ಬರುತ್ತೆ," ಅಂದ್ರು ತಾತ. "ತೋಟದೋರಲ್ಲೂ ಇಂಥೋರು ಇರ್ತಾರೆ."

ಈಗ ಮಂಡಿ ಬಗ್ಗೆ ಗೊತ್ತಿಲ್ಲದೋರಿಗೆ ಒಂದು ಮಾತು. ನಮ್ಮ ಕಡೆ ಮಾವಿನ ರೇಟು ಬಾಯಲ್ಲಿ ಹೇಳೋ ಹಂಗಿಲ್ಲ. ಇಬ್ಬರು ಕೈ ಕೈ ಹಿಡ್ಕೊಳ್ತಾರೆ, ಮೇಲೆ ಟವಲ್ ಹಾಕ್ತಾರೆ. ಒಳಗೆ ಬೆರಳು ಮುಟ್ಟಿ ರೇಟು ಕೇಳ್ತಾರೆ, ಬೆರಳು ಒತ್ತಿ ರೇಟು ಹೇಳ್ತಾರೆ. ಸುತ್ತ ನಿಂತಿರೋ ಇಪ್ಪತ್ತು ಜನಕ್ಕೆ ಏನೂ ಗೊತ್ತಾಗಲ್ಲ. ಎದುರಿಗಿರೋನು ಯಾವಾಗ ಸಡಿಲ ಆಗ್ತಾನೆ ಅನ್ನೋದು ತಾತನ ಬೆರಳಿಗೆ ಗೊತ್ತಾಗುತ್ತೆ. ಚಿತ್ತೂರಿಂದ ಬರೋ ಸಾಹುಕಾರ್ರು ಕೂಡ ಆ ಟವಲ್ ನೋಡಿದ್ರೆ ಎಂಜಲು ನುಂಗ್ತಾರೆ. (ಇದರಲ್ಲಿ ಒಂದಕ್ಷರಾನೂ ಉಪ್ಪು ಖಾರ ಹಾಕಿಲ್ಲ. ಬೇರೆ ಕಡೆ ಹಾಕಿದ್ದೀನಿ.)

"ಕೂತ್ಕೋ," ಅಂದ್ರು ತಾತ. ನಾನು ಮೌಸ್ ಮೇಲೆ ಕೈ ಇಟ್ಟೆ. ತಾತ ಹೆಗಲ ಟವಲ್ ತೆಗೆದು ನನ್ನ ಕೈ ಮೇಲೆ ಹೊದಿಸಿ, ಒಳಗಿಂದ ನನ್ನ ಬೆರಳು ಹಿಡ್ಕೊಂಡ್ರು. "ನಾನು ಒತ್ತಿದಾಗ ಒತ್ತು. ಬಿಟ್ಟಾಗ ಬಿಡು. ಮಧ್ಯ ಬುದ್ಧಿ ಉಪಯೋಗಿಸ್ಬೇಡ."

ಗಂಟೆ ಮೂರೂ ನಲವತ್ತೈದು. ನಾಲ್ಕಕ್ಕೆ ಕರೆಂಟ್ ಹೋಗುತ್ತೆ, ನಮ್ಮ ತಾಲೂಕಲ್ಲಿ ಇದೊಂದೇ ಟೈಮಿಗೆ ಸರಿಯಾಗಿ ನಡೆಯೋದು. ಯುಪಿಎಸ್ ಕೆಟ್ಟು ತಿಂಗಳಾಗಿತ್ತು.

ಬೇಕರಿ ಒಳಗೆ ಹೋದ್ವಿ. ತಾತನ ಬೆರಳು ಸ್ವಲ್ಪ ಒತ್ತಿತು, ನಾನೂ ಒತ್ತಿದೆ. ಒಂದು ಬ್ರೆಡ್ ಟ್ರೇ ಕೆಳಗೆ ಬಿತ್ತು. ಪಟ್ಟಿ ಏರಿತು. ಬಿಟ್ರು. ಕಾದ್ರು. ಇನ್ನೊಂದು ಟ್ರೇ. ಪಟ್ಟಿ ಇನ್ನೂ ಏರಿತು. ಗೆರೆಗೆ ಒಂದು ಕೂದಲಷ್ಟು ಬಾಕಿ. ನನ್ನ ಬೆರಳು ತುರಿಸ್ತಿದೆ. ಇಲ್ಲೇ ನಾನು ಪ್ರತಿ ಸಲ ಒಂದು ಗುದ್ದು ಬಿಟ್ಟು ಹಾಳು ಮಾಡ್ಕೊಂಡಿದ್ದು. ತಾತನ ಕೈ ಮಾತ್ರ ಸುಮ್ನೆ ಕೂತಿತ್ತು.

"ಅಣ್ಣಾ," ಅಂದ್ರು ತಾತ.

ಯಾರಿಗೆ ಹೇಳಿದ್ರು ಅಂತ ನಾವೆಲ್ಲಾ ಸುತ್ತ ನೋಡಿದ್ವಿ. ಅವರು ಸ್ಕ್ರೀನ್‌ನಲ್ಲಿರೋ ಬೇಕರಿಯೋನ ಹತ್ರ ಮಾತಾಡ್ತಿದ್ರು.

"ಅಣ್ಣಾ, ನಿಂಗೂ ಒಂದು ಸಂಸಾರ ಐತೆ, ನಂಗೂ ಒಂದು ಸಂಸಾರ ಐತೆ. ಯಾಕೆ ಸುಮ್ನೆ?"

"ತಾತ, ಅವನಿಗೆ ಕೇಳ್ಸಲ್ಲ."

"ಮಂಡೀಲೂ ಯಾರಿಗೂ ಕೇಳ್ಸಲ್ಲ. ಹೇಳ್ಬೇಕು. ಈಗ ಬಾಗಿಲ ಕಡೆ ತಿರುಗು."

"ಅಯ್ಯೋ, ಹೋದ್ರೆ ಭಯ ಇಳಿದೋಗುತ್ತೆ."

"ತಿರುಗೋ."

ತಿರುಗಿದೆ. ಮಂಜ ಖುಷೀಲಿ ತೊಡೆ ತಟ್ಕೊಂಡ. ತಿರುಗೋ ಜಾಗ ಇಕ್ಕಟ್ಟು, ನನ್ನ ಕೋಟಿನ ಭುಜ ಸ್ಟ್ಯಾಂಡಿಗೆ ತಗುಲ್ತು. ಒಂದೇ ಒಂದು ಬ್ರೆಡ್ಡು ಉರುಳಿ ಕೆಳಗೆ ಬಿತ್ತು. ಪಟ್ಟಿ ಗೆರೆ ಮುಟ್ಟಿ ನಿಂತ್ಕೊಂಡ್ತು. ಬೇಕರಿಯೋನು ಎರಡೂ ಕೈ ಎತ್ತಿ, ಇಂಗ್ಲಿಷಲ್ಲಿ, ಆಯ್ತು ಆಯ್ತು ಅಂದ.

ಸೇವ್ ಒತ್ತಿದೆ. ಐದು ನಿಮಿಷಕ್ಕೆ ಕರೆಂಟ್ ಹೋಯ್ತು. ಕತ್ತಲೇಲಿ ತಾತ ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡ ಸದ್ದು ಮಾತ್ರ ಕೇಳಿಸ್ತು.

ಅಮೆರಿಕದೋರು ಎಷ್ಟು ಜನ ಕೂತು ಆ ಗೇಮ್ ಮಾಡಿದ್ರೋ ಗೊತ್ತಿಲ್ಲ. ಕಂಪ್ಯೂಟರ್ ಆನ್ ಮಾಡಕ್ಕೂ ಬರದ ನಮ್ಮ ತಾತ ಅವರ ಡಾನ್‌ಗೆ ಟ್ಯೂಷನ್ ಕೊಟ್ಟು ಬಂದ್ರು. ಎದೆ ಉಬ್ಬಲ್ವಾ? ನಂದು ಶರ್ಟಿನ ಎರಡು ಗುಂಡಿ ಕಿತ್ಕೊಂಡು ಬರೋಷ್ಟು ಉಬ್ಬಿತ್ತು.

ಮಂಜ ತಕರಾರು ತೆಗೆದ. "ತಾತನ್ನ ಕರ್ಕೊಂಡ್ ಬಂದು ಗೆದ್ರೆ ಒಪ್ಪಲ್ಲ ಕಣೋ."

ರಫೀಕಣ್ಣ ಕ್ಯಾಂಡಲ್ ಹಚ್ಚುತ್ತಾ ಕೇಳ್ದ. "ಮೌಸ್ ಮೇಲೆ ಕೈ ಯಾರ್ದು ಇತ್ತು?"

"ಇವಂದು. ಆದ್ರೆ..."

"ಖತಂ. ನೀನೂ ನಿಮ್ಮ ತಾತನ್ನ ಕರ್ಕೊಂಡ್ ಬರ್ಬೋದಿತ್ತು, ಬೇಡ ಅಂದೋರು ಯಾರು?"

ಸೋಮವಾರ ಬೆಳಿಗ್ಗೆ ಬಸ್ಸು. ಸರೋಜಮ್ಮ ಇದ್ರು, ಬಿ ಸೆಕ್ಷನ್ ಇತ್ತು, ಕಂಡಕ್ಟರ್ ಕೂಡ ಇದ್ರು. ಮಂಜ ಹತ್ತಿದ, ಮೂರು ಸಲ ಕೆಮ್ಮಿದ, ಆಮೇಲೆ ಬಾಯಿ ಬಿಟ್ಟ.

"ಅಣ್ಣಾ."

ಬಸ್ಸೇ ತಿರುಗಿ ನೋಡ್ತು. ಬಿ ಸೆಕ್ಷನ್‌ನಲ್ಲಿ ಒಬ್ಬಳು ನಕ್ಕಳು. ನನ್ನ ಕಡೆ ನೋಡಿ ನಕ್ಕಳು ಅಂತ ನನ್ನ ರಿಪೋರ್ಟು.

"ಏನಪ್ಪಾ?" ಅಂದೆ ಗಂಭೀರವಾಗಿ.

"ಅಣ್ಣಾ, ಸ್ವಲ್ಪ ಕಿಟಕಿ ಪಕ್ಕ ಬಿಡ್ತೀಯಾ? ವಾಂತಿ ಬರೋ ಹಂಗಿದೆ."

ತಮ್ಮ ವಾಂತಿ ಮಾಡ್ಕೊಳ್ಳೋವಾಗ ಅಣ್ಣ ಕಿಟಕಿ ಹಿಡ್ಕೊಂಡು ಕೂತ್ಕೊಳ್ಳಕ್ಕಾಗುತ್ತಾ? ಎದ್ದು ಬಿಟ್ಟೆ. ಮಂಗಳವಾರ 'ಅಣ್ಣಾ, ಒಂದು ಪ್ಲೇಟ್ ಮೆಣಸಿನಕಾಯಿ ಬಜ್ಜಿ.' ಕೊಡಿಸಿದೆ. ಬುಧವಾರ 'ಅಣ್ಣಾ, ಸೈಕಲ್ ಎರಡು ದಿನಕ್ಕೆ.' ಕೊಟ್ಟೆ. ಗುರುವಾರ ನಾಲ್ಕನೇ ಕಂಪ್ಯೂಟರ್‌ನಲ್ಲಿ ಅವನು ಕೂತಿದ್ದ. 'ಅಣ್ಣಾ, ಇವತ್ತೊಂದು ದಿನ' ಅಂದ, ನಾನು ಹಿಂದೆ ಸ್ಟೂಲ್ ಹಾಕ್ಕೊಂಡೆ.

ಶುಕ್ರವಾರ ತಾತನ ಬುತ್ತಿ ಕೊಡಕ್ಕೆ ಮಂಡಿಗೆ ಹೋಗಿದ್ದೆ. ತೋತಾಪುರಿ ರಾಶಿ ಪಕ್ಕ ತಾತ ಒಬ್ಬ ಸಾಹುಕಾರ್ರ ಕೈ ಹಿಡ್ಕೊಂಡಿದ್ರು, ಮೇಲೆ ಅದೇ ಟವಲ್. ಸಾಹುಕಾರ್ರ ವಯಸ್ಸು ನಮ್ಮಪ್ಪನಿಗಿಂತ ಕಮ್ಮಿ. ತಾತ ಅವರನ್ನ ಎಷ್ಟು ಪ್ರೀತಿಯಿಂದ "ಅಣ್ಣಾ, ನೋಡಣ್ಣಾ, ನೀನೇ ಹೇಳಣ್ಣಾ" ಅಂತಿದ್ರು ಅಂದ್ರೆ, ಕೇಳಿದೋರ ಕಣ್ಣಲ್ಲಿ ನೀರು ಬರ್ಬೇಕು. ಸಾಹುಕಾರ್ರ ಮುಖ ಮಾತ್ರ ಥೇಟ್ ಬೇಕರಿಯೋನ ಥರ ಇತ್ತು.

ಅವರು ಹೋದ ಮೇಲೆ ಕೇಳಿದೆ. "ತಾತ, ಅಷ್ಟು ಚಿಕ್ಕೋರನ್ನ ಯಾಕೆ ಅಣ್ಣಾ ಅಂದಿದ್ದು?"

ತಾತ ಬುತ್ತಿ ಬಿಚ್ಚಿ ಮುದ್ದೆ ಮುರಿದ್ರು. "ನಲವತ್ತು ವರ್ಷದಿಂದ ಈ ಮಂಡೀಲಿ ಎಲ್ಲರನ್ನೂ ಅಣ್ಣಾ ಅಂತಾನೇ ಅಂತೀನಿ. ಅನ್ನಿಸ್ಕೊಂಡೋನಿಗೆ ಇಲ್ಲ ಅನ್ನಕ್ಕೆ ಬಾಯಿ ಬರಲ್ಲ ಕಣೋ."

ಹಿಂದಿನ ನಾಲ್ಕು ದಿನ ಕಣ್ಣ ಮುಂದೆ ಬಂತು. ಮಂಜನ ಕೈ ಮೇಲೆ ಟವಲ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಬೆಟ್ ಕ್ಯಾನ್ಸಲ್ ಮಾಡ್ಬಿಡು, ಸೈಕಲ್ ವಾಪಸ್ ಬರುತ್ತೆ ಅಂತ ರಫೀಕಣ್ಣ ಬುದ್ಧಿ ಹೇಳ್ತಾನೆ. ಹೇಳೋದು ಸುಲಭ. ಸೈಕಲ್ ಊರಲ್ಲಿ ಎಲ್ಲರ ಹತ್ರಾನೂ ಇದೆ. ತನಗಿಂತ ಒಂದೂವರೆ ವರ್ಷ ದೊಡ್ಡೋನ ಬಾಯಲ್ಲಿ, ತುಂಬಿದ ಬಸ್ಸಲ್ಲಿ, ದಿನಾ 'ಅಣ್ಣಾ' ಅನ್ನಿಸ್ಕೊಳ್ಳೋನು ಇಡೀ ಯಲ್ದೂರಲ್ಲಿ ಇನ್ನೊಬ್ಬ ಇದ್ರೆ ತೋರ್ಸಿ, ನಡ್ಕೊಂಡೇ ಬಂದು ನೋಡ್ತೀನಿ.